ಆಶಾ ಕಾರ್ಯಕರ್ತೆಯ ಸೇವಾಮನಸ್ಸು ಮತ್ತು ನಮ್ಮ ಮನೆಯ ಬಾಗಿಲು

ಕಳೆದ ಮಳೆಗಾಲದ ಒಂದು ಶುಕ್ರವಾರ, ಉತ್ತರ ಕರ್ನಾಟಕದ ಒಂದು ದೊಡ್ಡ ಹಳ್ಳಿಯಲ್ಲಿ, ಅಲ್ಲಿಯ ಆಶಾ ಕಾರ್ಯಕರ್ತೆಯೊಬ್ಬರೊಡನೆ ನಾವು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಓಣಿ ಓಣಿ ತಿರುಗಿದೆವು. ಡೆಂಗ್ಯೂ ಜ್ವರ ಊರೊಳಗೆ ಕಾಲಿಟ್ಟಿದ್ದ ಸಮಯವದು. ಕೈಯಲ್ಲೊಂದು ಬ್ಯಾಟರಿ, ಹೆಗಲ ಚೀಲದಲ್ಲಿ ದಪ್ಪನೆಯ ರಿಜಿಸ್ಟರು, ನೋಡಿದ ಮನೆಯ ಗೋಡೆಗೆ ಗುರುತು ಹಾಕಲು ಒಂದು ತುಂಡು ಸೀಮೆಸುಣ್ಣ, ಇಷ್ಟೇ ಅವರ ಪರಿಕರ. ಪ್ರತಿ ಮನೆಯ ಹಿತ್ತಿಲಿಗೂ ಹೋಗಿ ಬ್ಯಾರಲ್ಲು, ಹಂಡೆ, ದನಕ್ಕೆ ನೀರಿಡುವ ಕಲ್ಲಿನ ಬಾನಿ, ಮೂಲೆಗೆ ಎಸೆದ ಟೈರು, ಒಡೆದ ಕೊಡ, ಎಲ್ಲವನ್ನೂ ಬಗ್ಗಿ ನೋಡಬೇಕು. ನೀರಿನ ಮೇಲೆ ಬೆಳಕು ಬಿದ್ದೊಡನೆ ಸೊಳ್ಳೆಮರಿಗಳು ಕೊಂಕುತ್ತ ತಳಕ್ಕೆ ಸರಿಯುತ್ತವೆ. ಆ ಚಲನೆಯನ್ನು ಹಿಡಿಯುವುದಕ್ಕೆ ಕಣ್ಣು ಪಳಗಿರಬೇಕು. ನಮಗೆ ಕಾಣದೆ ಹೋದುದು ಅವರಿಗೆ ಒಂದೇ ನೋಟಕ್ಕೆ ಕಾಣುತ್ತಿತ್ತು.

ಒಂದು ಮನೆಯ ಮುಪ್ಪಿನ ತಾಯಿ ಬ್ಯಾರಲ್ಲಿಗೆ ಅಡ್ಡ ನಿಂತು, “ನೀರಿಗೆ ಔಷಧ ಹಾಕಬ್ಯಾಡವಾ ತಂಗಿ, ವಾಸನಿ ಬರ್ತೈತಿ” ಎಂದರು. “ಹಾಕೂದಿಲ್ಲರೀ ಅಮ್ಮಾ, ಮುಚ್ಚಳ ತಗದು ತೋರಸ್ರಿ, ಅಷ್ಟ ಸಾಕು” ಎಂದು ಕಾರ್ಯಕರ್ತೆ ನಗುತ್ತಲೇ ಹೇಳಿದರು. ಮುಚ್ಚಳ ತೆರೆಯಿತು. ಎರಡು ಮನೆ ದಾಟಿದ ಮೇಲೆ ಬೇರೊಂದು ಅನುಭವವಾಯಿತು. ಅದು ಓದು ಬಲ್ಲವರ, ನಿವೃತ್ತರಾದ ಹಿರಿಯರೊಬ್ಬರ ಮನೆ. ಗೇಟಿನ ಒಳಗಿನಿಂದಲೇ ಅವರು, “ಮತ್ತ ಬಂದೀಯೇನು? ಹೋದ ವಾರ ನೋಡಿ ಹೋಗಿಯಲ್ಲ, ನಮ್ಮ ಮನ್ಯಾಗ ಏನೂ ಇಲ್ಲ, ಹೋಗು” ಎಂದರು. ಹಿಂದೆ ನಿಂತಿದ್ದ ನಮ್ಮನ್ನು ಕಂಡೊಡನೆ ಅವರ ಮಾತಿನ ಧಾಟಿಯೇ ಬದಲಾಯಿತು: “ಅಯ್ಯ, ನೀವು ಬರ್ರಿ, ಒಳಗ ಬಂದು ಕೂಡ್ರಿ, ಚಹಾ ತಗೊಳ್ರಿ.” ಒಂದೇ ಗೇಟು, ಒಂದೇ ಕೆಲಸಕ್ಕೆ ಬಂದ ಇಬ್ಬರು. ಒಬ್ಬರಿಗೆ ಏಕವಚನ, ಇನ್ನೊಬ್ಬರಿಗೆ ಬಹುವಚನ. ಕಾರ್ಯಕರ್ತೆ ಏನೂ ಆಡದೆ ರಿಜಿಸ್ಟರಿನಲ್ಲಿ ಏನನ್ನೋ ಬರೆದುಕೊಂಡು ಮುಂದಿನ ಮನೆಗೆ ನಡೆದರು. ಆ ಮನೆಯ ಹಿತ್ತಿಲನ್ನು ಅಂದು ಯಾರೂ ನೋಡಲಿಲ್ಲ. ಚಹಾ ಕುಡಿಯಲು ನಮಗೂ ಮನಸ್ಸಾಗಲಿಲ್ಲ.

ಆರೋಗ್ಯ ಸ್ವಯಂಸೇವಕರನ್ನು ಕುರಿತು ಸಭೆಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿದೆ: ‘ಈಗಿನವರಿಗೆ ಮೊದಲಿನ ಸೇವಾ ಮನೋಭಾವವಿಲ್ಲ, ಸಾಂಕ್ರಾಮಿಕ ರೋಗವೆಂದರೆ ಹಿಂದೆ ಸರಿಯುತ್ತಾರೆ.’ ನಾವು ಈ ಮಾತನ್ನು ಒಪ್ಪಲಾರೆವು. ಮನಸ್ಸಿಲ್ಲದವರು ಹತ್ತು ಮನೆಯಲ್ಲಿ ಬೈಸಿಕೊಂಡು ಹನ್ನೊಂದನೆಯ ಮನೆಯ ಬಾಗಿಲು ಬಡಿಯುವುದಿಲ್ಲ. ಮನಸ್ಸಿನ ಕೊರತೆ ಅವರಲ್ಲಿಲ್ಲ. ಇರುವ ಮನಸ್ಸನ್ನು ದಿನೇ ದಿನೇ ಸವೆಸುವ ಸಂಗತಿಗಳು ಹಲವಿವೆ, ಅವುಗಳಲ್ಲಿ ಬಹುಪಾಲು ಅವರ ಕೈಯಲ್ಲಿಲ್ಲ. ಕೆಲವು ಇಲಾಖೆಯ ಕೈಯಲ್ಲಿವೆ, ಮತ್ತೆ ಕೆಲವು ಈ ಪತ್ರಿಕೆಯನ್ನು ಓದುವ ನಮ್ಮ ನಿಮ್ಮೆಲ್ಲರ ಕೈಯಲ್ಲಿವೆ.

ಮೊದಲು ನೀರಿನ ವಿಷಯವನ್ನೇ ತೆಗೆದುಕೊಳ್ಳೋಣ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕೊಳಚೆಯಲ್ಲಿ ಹುಟ್ಟುವುದಲ್ಲ. ನಾವು ಬಳಕೆಗೆಂದು ಹಿಡಿದಿಟ್ಟ ತಿಳಿನೀರಿನಲ್ಲಿ ಹುಟ್ಟುವುದು. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದುದರಿಂದಲೇ ವಾರಕ್ಕೊಮ್ಮೆ ನೀರು ಚೆಲ್ಲಿ ಪಾತ್ರೆಯನ್ನು ಉಜ್ಜಿ ಒಣಗಿಸಿರೆಂದು ಕಾರ್ಯಕರ್ತೆ ಹೇಳುತ್ತಾರೆ. ಆದರೆ ಆ ಊರಿನಲ್ಲಿ ನಲ್ಲಿಯ ನೀರು ಬರುವುದೇ ಎಂಟು ದಿನಕ್ಕೊಮ್ಮೆ. ಎಂಟು ದಿನದ ನೀರನ್ನು ಹಿಡಿದಿಟ್ಟುಕೊಂಡ ತಾಯಿಗೆ ಏಳನೆಯ ದಿನ ‘ಚೆಲ್ಲಿರಿ’ ಎಂದು ಹೇಳಬೇಕಾದವರ ಸಂಕಟವನ್ನು ಊಹಿಸಿ. ತಮ್ಮ ಮಾತು ನಡೆಯುವಂಥದ್ದಲ್ಲವೆಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ನಡೆಯದ ಮಾತನ್ನು ವಾರಗಟ್ಟಲೆ ಆಡುತ್ತಿದ್ದರೆ ಎಂಥವರ ಉತ್ಸಾಹವಾದರೂ ಕುಂದೀತು. ನಮ್ಮೊಡನೆ ಬಂದ ಕಾರ್ಯಕರ್ತೆ ಇದಕ್ಕೆ ತಾವೇ ಒಂದು ದಾರಿ ಕಂಡುಕೊಂಡಿದ್ದರು. ನೀರು ಚೆಲ್ಲಿರೆಂದು ಅವರು ಹೇಳುತ್ತಿರಲಿಲ್ಲ. ಹಳೆಯ ಧೋತರವನ್ನು ಎರಡು ಮಡಿಕೆ ಮಾಡಿ ಬ್ಯಾರಲ್ಲಿನ ಬಾಯಿಗೆ ಬಿಗಿಯಾಗಿ ಕಟ್ಟಿರಿ, ಹೊಸ ನೀರು ಬರುವ ದಿನ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿರಿ ಎನ್ನುತ್ತಿದ್ದರು. ಈ ಸೊಳ್ಳೆ ಮೊಟ್ಟೆಯಿಡುವುದು ನೀರಿನಂಚಿಗೆ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟುವಂತೆ. ನೀರು ಬತ್ತಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತಾಗಿದೊಡನೆ ಒಡೆಯುತ್ತದೆ. ಆದ್ದರಿಂದ ಬರಿದೆ ಚೆಲ್ಲುವುದಕ್ಕಿಂತ ತಿಕ್ಕುವುದೇ ಮುಖ್ಯ. ಊರಿನ ನೀರಿನ ಪಾಡನ್ನು ಬಲ್ಲವರಿಗೆ ಮಾತ್ರ ಹೊಳೆಯಬಹುದಾದ ಸಲಹೆಯಿದು. ಸ್ಥಳೀಯ ಸ್ವಯಂಸೇವಕಿ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿಯನ್ನು ನಾವು ಕೇಳೆವು.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ನಗರಗಳಲ್ಲಿ 400 ರೂಪಾಯಿ, ಗ್ರಾಮಗಳಲ್ಲಿ 200 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಕಟ್ಟಡ ಕಟ್ಟುವ ಗುತ್ತಿಗೆದಾರರಿಗೂ ವಾಣಿಜ್ಯ ಸಂಸ್ಥೆಗಳಿಗೂ ದಂಡ ಹಾಕುವುದು ಸರಿಯೇ. ಮನೆಯ ಬಗ್ಗೆ ಮಾತ್ರ ನಮಗೆ ಅಳುಕಿದೆ. ತಮ್ಮ ರಿಜಿಸ್ಟರಿನ ಬರಹದಿಂದ ನೆರೆಮನೆಯವರಿಗೆ ದಂಡ ಬೀಳುವುದಾದರೆ, ನಾಳೆ ಆ ಕಾರ್ಯಕರ್ತೆಗೆ ಮುಚ್ಚಳ ತೆರೆದು ತೋರಿಸುವವರು ಯಾರು? ಮುಪ್ಪಿನ ತಾಯಿ ಅಂದು ಮುಚ್ಚಳ ತೆರೆದದ್ದು ಕಾನೂನಿಗೆ ಅಂಜಿ ಅಲ್ಲ.

ಸ್ವಯಂಸೇವಕರನ್ನು ನೆಚ್ಚಿ ಆರೋಗ್ಯದ ಕೆಲಸ ಮಾಡಹೊರಟದ್ದು ನಮ್ಮ ದೇಶದಲ್ಲಿ ಇದೇ ಮೊದಲಲ್ಲ. 1977ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಕೇಂದ್ರ ಸರ್ಕಾರವು ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆಯನ್ನು ಆರಂಭಿಸಿತು. ಊರಿನವರೇ ಒಬ್ಬರನ್ನು ಆರಿಸಬೇಕು, ಅವರಿಗೆ ಮೂರು ತಿಂಗಳ ತರಬೇತಿ, ಬಳಿಕ ತಿಂಗಳಿಗೆ 50 ರೂಪಾಯಿ ಗೌರವಧನ ಮತ್ತು ಒಂದಿಷ್ಟು ಔಷಧ. ಇದು ಅದರ ಸ್ವರೂಪ. ಆರಿಸಲ್ಪಟ್ಟವರಲ್ಲಿ ಹೆಚ್ಚಿನವರು ಪುರುಷರಾದುದರಿಂದ ತಾಯಿ ಮಕ್ಕಳ ಬಳಿಗೆ ಯೋಜನೆ ತಲುಪಲಿಲ್ಲ. ಹೆಸರು ಎರಡು ಮೂರು ಬಾರಿ ಬದಲಾಯಿತು, 1981ರಲ್ಲಿ ‘ಗ್ರಾಮ ಆರೋಗ್ಯ ಮಾರ್ಗದರ್ಶಿ’ ಎಂದಾಯಿತು. ಗೌರವಧನ ಏರಲಿಲ್ಲ, ಮೇಲ್ವಿಚಾರಣೆ ಸಡಿಲವಾಯಿತು, ಔಷಧದ ಪೆಟ್ಟಿಗೆ ಬರಿದಾಯಿತು. ಯೋಜನೆ ಮೂಲೆಗೆ ಸೇರಿದಾಗ ದೂರು ಮಾತ್ರ ಆ ಕಾರ್ಯಕರ್ತರ ಮನಸ್ಸಿನ ಮೇಲೆಯೇ ಬಂತು. ಈ ಹಳೆಯ ಕಥೆಯನ್ನು ನಾವು ಸುಮ್ಮನೆ ನೆನೆಯುತ್ತಿಲ್ಲ. ಅದೇ ದೂರು ಇಂದೂ ಕೇಳಿಸುತ್ತಿದೆ.

2005ರ ಏಪ್ರಿಲ್ 12ರಂದು ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಹಿಂದಿನ ಒಂದು ತಪ್ಪನ್ನು ತಿದ್ದಿತು. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ, ಅದೇ ಊರಿನ ಮಹಿಳೆಯನ್ನೇ ‘ಆಶಾ’ ಆಗಿ ಆರಿಸಬೇಕೆಂದು ವಿಧಿಸಿತು. ಇನ್ನೊಂದು ತಪ್ಪು ಹಾಗೆಯೇ ಉಳಿಯಿತು. ಅವರು ನೌಕರರಲ್ಲ, ಗೌರವ ಸ್ವಯಂಸೇವಕಿಯರು. ಸಂಬಳವಿಲ್ಲ, ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಮಾತ್ರ. ‘ಗೌರವ’ ಎಂಬ ಪದ ಇಲ್ಲಿ ಯಾವ ಅರ್ಥದಲ್ಲಿ ಬಳಕೆಯಾಗಿದೆಯೆಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ. ಆ ನಿವೃತ್ತ ಹಿರಿಯರ ಗೇಟಿನ ಮುಂದಂತೂ ಅದು ಕಾಣಲಿಲ್ಲ.

ಮನಸ್ಸಿಲ್ಲವೆನ್ನುವವರು 2020ನೆಯ ಇಸವಿಯನ್ನು ಒಮ್ಮೆ ನೆನೆಯಬೇಕು. ಕೊರೊನಾ ಎಂಬ ಹೆಸರು ಕೇಳಿಯೇ ಊರುಗಳು ಮುಳ್ಳಿನ ಬೇಲಿ ಹಾಕಿಕೊಂಡು ಕುಳಿತ ದಿನಗಳವು. ಆಗ ಮನೆಮನೆಗೆ ಹೋದವರು ಯಾರು? ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು ಪಾಲ್ಗೊಂಡ ಒಂದು ಸಮೀಕ್ಷೆಯಲ್ಲಿ ಏನಿಲ್ಲೆಂದರೂ 1.59 ಕೋಟಿ ಮನೆಗಳನ್ನು ತಲುಪಿ ವೃದ್ಧರು, ಸಕ್ಕರೆ ಕಾಯಿಲೆ ರಕ್ತದೊತ್ತಡದವರು, ಉಸಿರಾಟದ ತೊಂದರೆಯವರು ಇವರ ಪಟ್ಟಿ ಮಾಡಲಾಯಿತೆಂದು ಆ ವರ್ಷದ ಜುಲೈ ಮೊದಲ ವಾರದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಪ್ರಕಟಿಸಿ ಶ್ಲಾಘಿಸಿತು. ಶ್ಲಾಘನೆ ಬಂದ ಒಂದೇ ವಾರಕ್ಕೆ, ಜುಲೈ 10ರಿಂದ, ಅದೇ ಕಾರ್ಯಕರ್ತೆಯರು ರಾಜ್ಯಾದ್ಯಂತ ಕೆಲಸ ಸ್ಥಗಿತಗೊಳಿಸಿ ಹೋರಾಟಕ್ಕಿಳಿದರು. ಅವರು ಕೇಳಿದ್ದು ತಿಂಗಳಿಗೆ 12,000 ರೂಪಾಯಿಯ ಖಚಿತ ಗೌರವಧನ ಮತ್ತು ಸೋಂಕಿನಿಂದ ಕಾಯುವ ಮಾಸ್ಕು, ಕೈಗವಸು, ಸ್ಯಾನಿಟೈಸರುಗಳನ್ನು. ಈ ಎರಡು ಸುದ್ದಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕು. ಒಂದನ್ನು ಓದಿ ‘ಎಂಥ ತ್ಯಾಗ’ ಎಂದು ಕೈಮುಗಿದವರೇ ಇನ್ನೊಂದನ್ನು ಓದಿ ‘ಇಂಥ ಹೊತ್ತಿನಲ್ಲಿ ಮುಷ್ಕರವೇ’ ಎಂದು ಹುಬ್ಬುಗಂಟಿಕ್ಕಿದರು. ಕೋಟ್ಯಂತರ ಬಾಗಿಲು ಬಡಿದವರು ಒಂದು ಮಾಸ್ಕಿಗಾಗಿ ಬೀದಿಗೆ ಬರಬೇಕಾಯಿತೆಂಬುದು ನಮ್ಮನ್ನು ನಾಚಿಸಬೇಕಾದ ಸಂಗತಿಯಾಗಿತ್ತು.

ಅದೇ ವರ್ಷ ಏಪ್ರಿಲಿನಲ್ಲಿ, ಮನೆಯವರ ಆರೋಗ್ಯ ವಿಚಾರಿಸಲು ಹೋದ ಕಾರ್ಯಕರ್ತೆಯರ ಮೇಲೆ ರಾಜಧಾನಿಯ ಬಡಾವಣೆಯೊಂದರಲ್ಲಿ ಹಲ್ಲೆಯಾದುದನ್ನು ಓದುಗರು ಮರೆತಿರಲಾರರು. ಅದಾದ ಕೆಲವೇ ದಿನಗಳಲ್ಲಿ ಕೇಂದ್ರ ಸರ್ಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ಸಮುದಾಯ ಆರೋಗ್ಯ ಕಾರ್ಯಕರ್ತರನ್ನೂ ರಕ್ಷಣೆಯ ವ್ಯಾಪ್ತಿಗೆ ಸೇರಿಸಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರ ಸಮೂಹಕ್ಕೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿಯನ್ನಿತ್ತಿತು. ಕಾನೂನು ಬಂತು, ಪ್ರಶಸ್ತಿಯೂ ಬಂತು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಅವರು ಮತ್ತೆ ಅಹೋರಾತ್ರಿ ಕೂರಬೇಕಾಯಿತು; ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ದೊರೆತ ಮೇಲೆ ಎದ್ದರು.

ಸೋಂಕುರೋಗಗಳೆಲ್ಲ ಒಂದೇ ಬಗೆಯವಲ್ಲ. ಅವು ಕಾರ್ಯಕರ್ತೆಯ ಮನಸ್ಸಿನಿಂದ ಕೇಳುವ ಬೆಲೆಯೂ ಒಂದೇ ಅಲ್ಲ. ಕ್ಷಯರೋಗದ ಮಾತು ನೋಡಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ನಮ್ಮ ದೇಶದವರು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಔಷಧ ತಪ್ಪದೆ ನುಂಗಬೇಕು. ಎರಡು ತಿಂಗಳಾಗುವ ಹೊತ್ತಿಗೆ ಕೆಮ್ಮು ನಿಲ್ಲುತ್ತದೆ, ಜ್ವರ ಇಳಿಯುತ್ತದೆ, ಮೈ ತುಂಬಿಕೊಳ್ಳುತ್ತದೆ. ‘ನನಗಿನ್ನೇನಾಗಿದೆ’ ಎಂದು ರೋಗಿ ಗುಳಿಗೆ ಬಿಡುವುದು ಆಗಲೇ. ನಡುವೆ ಬಿಟ್ಟ ಔಷಧದಿಂದ ಗುಳಿಗೆಗೆ ಬಗ್ಗದ ಕ್ಷಯ ಹುಟ್ಟಬಹುದು, ಅದು ಮನೆಯವರಿಗೂ ಹರಡಬಹುದು. ಆರು ತಿಂಗಳು ಒಬ್ಬ ಮನುಷ್ಯನ ಬೆನ್ನು ಬಿಡದೆ, ಅವನಿಗೆ ಬೇಸರವೂ ಬಾರದಂತೆ ನೋಡಿಕೊಳ್ಳುವುದು ವೈದ್ಯರಿಂದಾಗುವ ಕೆಲಸವಲ್ಲ.

ಈ ಕೆಲಸದಲ್ಲಿ ಒಂದು ಸೂಕ್ಷ್ಮವಿದೆ. ಆಶಾ ಕಾರ್ಯಕರ್ತೆ ಒಂದು ಮನೆಗೆ ವಾರವಾರವೂ ಹೋಗತೊಡಗಿದರೆ, ಆ ಮನೆಯಲ್ಲಿ ಬಸುರಿಯಾಗಲಿ ಬಾಣಂತಿಯಾಗಲಿ ಇಲ್ಲವೆಂದಾದರೆ, ಓಣಿಯವರಿಗೆ ಸಂಶಯ ಹುಟ್ಟುತ್ತದೆ. ಅದಕ್ಕೇ ಎಷ್ಟೋ ರೋಗಿಗಳು ‘ಮನೆಗೆ ಬರಬೇಡಿರಿ’ ಎಂದು ಬೇಡಿಕೊಳ್ಳುತ್ತಾರೆ. ಮಗಳ ಮದುವೆಯ ಮಾತು ನಡೆದಿದ್ದರಂತೂ ಮುಗಿಯಿತು. ಒಬ್ಬ ರೋಗಿಗೆ ತಾವು ಹಾಲಿನ ಡೇರಿಯ ಹತ್ತಿರ, ಮುಂಜಾನೆ ಹಾಲು ಹಾಕಲು ಬಂದಾಗ, ಗುಳಿಗೆ ಕೊಟ್ಟು ಬರುತ್ತಿದ್ದುದನ್ನು ಕಾರ್ಯಕರ್ತೆಯೊಬ್ಬರು ನಮಗೆ ಹೇಳಿದರು. ಆರು ತಿಂಗಳು ಆ ಗುಟ್ಟನ್ನು ತಮ್ಮ ಮನೆಯವರಿಗೂ ಬಿಟ್ಟುಕೊಡಲಿಲ್ಲವಂತೆ. ಚಿಕಿತ್ಸೆ ಪೂರ್ಣವಾದ ಮೇಲೆ ಹೀಗೆ ನೆರವಾದವರಿಗೆ ಸಲ್ಲುವುದು 1,000 ರೂಪಾಯಿ, ಔಷಧಕ್ಕೆ ಬಗ್ಗದ ಕ್ಷಯವಾದರೆ 5,000. ಆ ಗುಟ್ಟಿಗೆ ಬೆಲೆ ಕಟ್ಟುವ ಕಾಲಮ್ಮು ಯಾವ ರಿಜಿಸ್ಟರಿನಲ್ಲೂ ಇಲ್ಲ.

ಅವರಿಗೂ ಒಂದು ಮನೆಯಿದೆ ಎಂಬುದನ್ನು ನಾವು ಮರೆಯುತ್ತೇವೆ. ‘ಆ ಮನೆಗೆ ಹೋಗಿ ಬಂದು ಕೂಸನ್ನ ಎತ್ತಿಕೋಬ್ಯಾಡ’ ಎಂದು ಅತ್ತೆ ಹೇಳುತ್ತಾಳೆ. ಗಂಡ ಮಾತು ಬಿಡುತ್ತಾನೆ. ಸೋಂಕುರೋಗದ ಕೆಲಸಕ್ಕೆ ಸ್ವಯಂಸೇವಕಿ ಮುಂದೆ ಬರುವಳೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಈ ಅಡುಗೆಮನೆಯಲ್ಲಿ. ಅತ್ತೆಯ ಅಂಜಿಕೆ ಮೂಢತನವಲ್ಲ, ಉತ್ತರ ಸಿಗದ ಪ್ರಶ್ನೆ. ಔಷಧ ಆರಂಭವಾಗಿ ಕೆಲವು ವಾರಗಳಲ್ಲಿ ಕ್ಷಯರೋಗಿಯಿಂದ ಸೋಂಕು ಹರಡುವ ಸಂಭವ ಬಹಳ ತಗ್ಗುತ್ತದೆಂದೂ, ಅದಕ್ಕೆ ಮೊದಲು ರೋಗಿಯನ್ನು ಮುಚ್ಚಿದ ಕೋಣೆಯಲ್ಲಲ್ಲದೆ ಅಂಗಳದ ಗಾಳಿ ಬೆಳಕಿನಲ್ಲಿ ಕಾಣುವುದು ಕ್ಷೇಮವೆಂದೂ, ಪಾತ್ರೆ ಬಟ್ಟೆಗಳಿಂದ ಈ ರೋಗ ಅಂಟುವುದಿಲ್ಲವೆಂದೂ ಯಾರಾದರೂ ಆ ಅತ್ತೆಗೆ ಕುಳಿತು ಹೇಳಿದ್ದಾರೆಯೇ? ತರಬೇತಿ ಸೊಸೆಗೆ ಮಾತ್ರ. ಕಾರ್ಯಕರ್ತೆಯರ ಕುಟುಂಬದವರನ್ನು ವರ್ಷಕ್ಕೊಮ್ಮೆಯಾದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದು, ವೈದ್ಯಾಧಿಕಾರಿಗಳು ಖುದ್ದಾಗಿ ಮಾತಾಡುವ ಏರ್ಪಾಡಾಗಬೇಕೆಂಬುದು ನಮ್ಮ ಬಹುದಿನದ ಅಭಿಪ್ರಾಯ. ಅದಕ್ಕೆ ಬೇಕಾದುದು ಒಂದು ಜಮಖಾನೆ ಮತ್ತು ಒಂದು ಗಂಟೆಯ ಸಮಯ.

ಮಲೆನಾಡಿನಲ್ಲಿ ಬೇರೊಂದು ತೊಡಕನ್ನು ಕಾಣುತ್ತೇವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಕಾಡಿನ ಉಣುಗು ಕಚ್ಚುವುದರಿಂದ ಬರುತ್ತದೆ. ಚಳಿಗಾಲದ ಕೊನೆಯಿಂದ ಬೇಸಗೆಯವರೆಗೆ ಅದರ ಹಾವಳಿ. ಕೊಟ್ಟಿಗೆಗೆ ದರಗು ತರಲು, ಒಲೆಗೆ ಸೌದೆ ತರಲು ಯಾವ ಮನೆಯಿಂದ ಯಾರು ಯಾವ ಕಾಡಿಗೆ ಹೋಗುತ್ತಾರೆಂಬುದು ಆಶಾ ಕಾರ್ಯಕರ್ತೆಗೆ ಬಾಯಿಪಾಠ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನು ಹಂಚುವುದು, ಕಾಡಿನಂಚಿನಲ್ಲಿ ಮಂಗ ಸತ್ತುಬಿದ್ದ ಸುದ್ದಿಯನ್ನು ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವುದು, ಜ್ವರ ಬಂದವರನ್ನು ತಡಮಾಡದೆ ರಕ್ತಪರೀಕ್ಷೆಗೆ ಕಳಿಸುವುದು, ಎಲ್ಲವೂ ಅವರ ಪಾಲಿಗೆ. 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಸಾವುಗಳು ಸಂಭವಿಸಿದಾಗ ಇಡೀ ಸೀಮೆಯೇ ನಡುಗಿತ್ತು.

ಆ ದಿನಗಳಲ್ಲಿ ಲಸಿಕೆಗೆ ಜನರನ್ನು ಒಪ್ಪಿಸಿದವರೂ ಇವರೇ. ನೋವು ಕೊಡುವ ಚುಚ್ಚುಮದ್ದದು. ಒಮ್ಮೆ ಪಡೆದರೆ ಸಾಲದು, ತಿಂಗಳ ಬಳಿಕ ಇನ್ನೊಮ್ಮೆ, ಮತ್ತೆ ಕೆಲವು ತಿಂಗಳಿಗೆ ಬಲವರ್ಧಕ, ಅನಂತರ ವರ್ಷವರ್ಷವೂ. ಬೇಡವೆಂದವರ ಮನೆಗೆ ನಾಲ್ಕು ಬಾರಿ ಹೋಗಿ, ‘ನನ್ನ ಮಾತು ನಂಬಿ ಅಕ್ಕ’ ಎಂದು ಕರೆತಂದವರಿದ್ದಾರೆ. ಆ ಲಸಿಕೆ ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂದು ಕಂಡುಬಂದು 2022ರಲ್ಲಿ ಅದರ ಬಳಕೆ ನಿಂತಿತು. ನಿಲ್ಲಿಸಿದ್ದು ಸರಿಯಾದ ನಿರ್ಧಾರವೇ. ಹೊಸ ಲಸಿಕೆಯನ್ನು ಸಿದ್ಧಪಡಿಸುವ ಕೆಲಸದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತೊಡಗಿದೆ. ಆದರೆ ‘ಹಾಗಾದರೆ ಅಂದು ನಮಗೆ ಹಾಕಿಸಿದ್ದೇಕೆ’ ಎಂಬ ಪ್ರಶ್ನೆಗೆ ಊರಿನ ಕಟ್ಟೆಯ ಮುಂದೆ ಉತ್ತರ ಕೊಡಬೇಕಾದವರು ವಿಜ್ಞಾನಿಗಳಲ್ಲ, ಅಧಿಕಾರಿಗಳಲ್ಲ, ಆಶಾ ಕಾರ್ಯಕರ್ತೆ. ಜನ ಲಸಿಕೆ ತೆಗೆದುಕೊಂಡದ್ದು ಅವರ ಮುಖ ನೋಡಿ. ಮುಂದೆ ಹೊಸ ಲಸಿಕೆ ಬಂದಾಗ ಮತ್ತೆ ಅದೇ ಮುಖವನ್ನೇ ಮುಂದಿಟ್ಟುಕೊಂಡು ಹೋಗುವುದಾದರೆ, ಹಳೆಯದು ಏಕೆ ನಿಂತಿತೆಂಬುದನ್ನು ಮೊದಲು ಅವರಿಗೆ, ಬಳಿಕ ಅವರ ಸಮಕ್ಷಮ ಊರಿಗೆ, ಅರ್ಥವಾಗುವ ಕನ್ನಡದಲ್ಲಿ ತಿಳಿಹೇಳುವುದು ಇಲಾಖೆಯ ಕರ್ತವ್ಯ.

ಹಣ ಸೇರಿದರೆ ಸೇವೆ ಕೆಡುತ್ತದೆಂಬ ವಾದವೊಂದುಂಟು. ಸಜ್ಜನರೇ ಈ ಮಾತನ್ನು ಆಡುವುದನ್ನು ಕೇಳಿದ್ದೇವೆ. ಕಾಯಕದ ಹೆಸರು ಹೇಳಿಯೂ ಆಡುತ್ತಾರೆ. ಕಾಯಕವೆಂದರೆ ಕೂಲಿಯಿಲ್ಲದ ದುಡಿಮೆಯೆಂದು ಯಾರು ಹೇಳಿದರೋ ತಿಳಿಯದು. ನಮ್ಮ ಆಕ್ಷೇಪ ಹಣ ಕೊಡುವುದಕ್ಕಲ್ಲ, ಕೊಡುವ ರೀತಿಗೆ. ಎಣಿಸಬಲ್ಲ ಕೆಲಸಕ್ಕೆ ಮಾತ್ರ ಪ್ರೋತ್ಸಾಹಧನ ಎಂದಾದಾಗ, ಎಣಿಕೆಗೆ ಸಿಕ್ಕದ ಕೆಲಸ ಹಿಂದೆ ಬೀಳುತ್ತದೆ. ಸೋಂಕು ತಡೆಯುವ ಕೆಲಸದ ಸ್ವಭಾವವೇ ಎಣಿಕೆಗೆ ವಿರುದ್ಧವಾದುದು. ಏನೂ ಆಗದಿರುವುದೇ ಅಲ್ಲಿಯ ಫಲ. ನಮ್ಮ ದೇಶದಲ್ಲಿ ಪೋಲಿಯೋದ ಕೊನೆಯ ಪ್ರಕರಣ ಕಂಡುದು 2011ರ ಜನವರಿಯಲ್ಲಿ, ಮೂರು ವರ್ಷದ ನಂತರ 2014ರ ಮಾರ್ಚ್‌ನಲ್ಲಿ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಅಂದಿನಿಂದ ಕಾಲು ಸೊರಗದೆ ಬೆಳೆದ ಮಕ್ಕಳು ಯಾರೆಂದು ಬೆರಳು ಮಾಡಿ ತೋರಿಸಬಲ್ಲೆವೇ? ನೂರು ಮನೆಯ ನೀರು ನೋಡಿ ಒಂದರಲ್ಲೂ ಸೊಳ್ಳೆಮರಿ ಕಾಣದಿದ್ದ ದಿನವೇ ಕಾರ್ಯಕರ್ತೆ ಅತ್ಯುತ್ತಮ ಕೆಲಸ ಮಾಡಿದ ದಿನ. ಆದ್ದರಿಂದ ತಿಂಗಳ ಮೊದಲ ವಾರ ತಪ್ಪದೆ ಕೈಸೇರುವ ಖಚಿತ ಮೊತ್ತವೊಂದು ಬೇಕು, ಅದರ ಮೇಲೆ ಪ್ರೋತ್ಸಾಹಧನ ಎಷ್ಟಾದರೂ ಇರಲಿ. ಮಾಡಿದ ಕೆಲಸ ಪೋರ್ಟಲ್ಲಿನಲ್ಲಿ ದಾಖಲಾಗಲಿಲ್ಲವೆಂಬ ಕಾರಣಕ್ಕೆ ದುಡ್ಡು ತಪ್ಪಿದ ಕಥೆಯನ್ನು ಹೇಳದ ಕಾರ್ಯಕರ್ತೆಯನ್ನು ನಾವಿನ್ನೂ ಕಂಡಿಲ್ಲ.

ಎಲ್ಲರೂ ಒಂದೇ ನಿಷ್ಠೆಯವರೆಂದು ನಾವು ಹೇಳುತ್ತಿಲ್ಲ. ಜಗಲಿಯ ಮೇಲೆ ಕುಳಿತು ಇಡೀ ಓಣಿಯ ಸಮೀಕ್ಷೆಯನ್ನು ಬರೆದು ಮುಗಿಸಿದ ರಿಜಿಸ್ಟರುಗಳನ್ನೂ ಕಂಡಿದ್ದೇವೆ. ಒಂದೇ ಶಾಯಿ, ಒಂದೇ ಬರಹ, ಎಲ್ಲ ಮನೆಯಲ್ಲೂ ‘ಜ್ವರವಿಲ್ಲ’. ಅದನ್ನು ಸಮರ್ಥಿಸುವುದಿಲ್ಲ. ಆದರೆ ಅಂಥ ಒಬ್ಬರನ್ನು ಬಳಿ ಕೂರಿಸಿಕೊಂಡು ಕೇಳಿದಾಗ ಬಂದ ಉತ್ತರ ನಮ್ಮನ್ನು ಸುಮ್ಮನಾಗಿಸಿತು: ‘ಹೋದ ವರ್ಷ ಖರೇನ ಅಡ್ಡಾಡಿ ಬರದೆ, ಓದಿದವರು ಯಾರು?’ ಸತತ ಜ್ವರದ ಹದಿನಾಲ್ಕು ಮನೆಗಳನ್ನು ಗುರುತಿಸಿ ಅವರು ಕೊಟ್ಟ ಪಟ್ಟಿಯನ್ನು ಹಿಡಿದು ಯಾರೂ ಆ ಓಣಿಗೆ ಬಂದಿರಲಿಲ್ಲ.

ಇನ್ನು ನಮ್ಮ ಕೈಯಲ್ಲಿರುವುದರ ಮಾತು. ಪ್ರತಿ ಕಂದಾಯ ಗ್ರಾಮದಲ್ಲೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯೊಂದು ಇರಬೇಕು, ಅದಕ್ಕೆ ವರ್ಷಕ್ಕೆ 10,000 ರೂಪಾಯಿಯವರೆಗೆ ಮುಕ್ತ ನಿಧಿ ಬರುವ ವ್ಯವಸ್ಥೆಯಿದೆ. ಅದು ಕೊನೆಯ ಬಾರಿ ಸಭೆ ಸೇರಿದ್ದು ಎಂದೆಂದು ಓದುಗರು ತಮ್ಮ ಪಂಚಾಯಿತಿಯಲ್ಲಿ ಒಮ್ಮೆ ವಿಚಾರಿಸಲಿ. ಕ್ಷಯರೋಗಿಗೆ ಸರ್ಕಾರ ಪೌಷ್ಟಿಕ ಆಹಾರಕ್ಕೆಂದು ಕೊಡುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರಿನಿಂದ 1,000 ಆಗಿದೆ. ಅದರ ಮೇಲೆ ಬೇಳೆ, ಮೊಟ್ಟೆ ಅಥವಾ ಶೇಂಗಾ, ಹಾಲಿನ ಪುಡಿ ಇತ್ಯಾದಿ ಒದಗಿಸಲು ‘ನಿಕ್ಷಯ ಮಿತ್ರ’ರಾಗಿ ಯಾರಾದರೂ ಹೆಸರು ನೋಂದಾಯಿಸಬಹುದು. ಸಂಘ ಸಂಸ್ಥೆಗಳೂ ಮಠಗಳೂ ಆಗಬಹುದು. ಸಾವಿರಾರು ಜನಕ್ಕೆ ಅನ್ನ ನೀಡುವ ನಮ್ಮ ದಾಸೋಹಗಳಿಗೆ ಐದಾರು ರೋಗಿಗಳ ಆರು ತಿಂಗಳ ಆಹಾರ ಭಾರವಾಗಲಾರದು. ಒಂದೇ ಎಚ್ಚರ: ಹಂಚುವಾಗ ವೇದಿಕೆ, ಛಾಯಾಚಿತ್ರ ಬೇಡ. ಡೇರಿಯ ಹತ್ತಿರ ಗುಟ್ಟಾಗಿ ಗುಳಿಗೆ ಕೊಟ್ಟವರ ಆರು ತಿಂಗಳ ಜತನ ಒಂದು ಛಾಯಾಚಿತ್ರದಿಂದ ಹಾಳಾದೀತು. ಕಿಟ್ಟು ಕಾರ್ಯಕರ್ತೆಯ ಕೈಗೆ ಸೇರಲಿ, ಎಲ್ಲಿಗೆ ಮುಟ್ಟಿಸಬೇಕೆಂಬುದು ಅವರಿಗೆ ಗೊತ್ತು.

ವಿದ್ಯಾರ್ಥಿ ನಿಲಯಗಳನ್ನು ನಡೆಸುವವರು ಕಾರ್ಯಕರ್ತೆಯನ್ನು ಕರೆಯದೆಯೇ ಬರುವವರೆಂದು ತಿಳಿಯಬಾರದು. ತಿಂಗಳಿಗೊಮ್ಮೆ ಕರೆಸಿ, ಮಕ್ಕಳ ಮುಂದೆ ಕುರ್ಚಿ ಹಾಕಿ ಕೂರಿಸಿ, ಎರಡು ವಾರ ದಾಟಿದ ಕೆಮ್ಮು, ಕಜ್ಜಿ, ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಇವುಗಳ ಬಗ್ಗೆ ಮಾತಾಡಿಸಬೇಕು. ಜಾತ್ರೆಯ ಪೂರ್ವಸಿದ್ಧತಾ ಸಭೆಗೆ ಪೊಲೀಸರನ್ನೂ ವಿದ್ಯುತ್ ಇಲಾಖೆಯವರನ್ನೂ ಕರೆಯುವ ನಾವು, ಕುಡಿಯುವ ನೀರಿನ ಟ್ಯಾಂಕು ಎಲ್ಲಿಡಬೇಕು, ಯಾವ ಬಾವಿಗೆ ಬ್ಲೀಚಿಂಗ್ ಪುಡಿ ಬೀಳಬೇಕೆಂಬುದನ್ನು ಬಲ್ಲ ಆ ಊರಿನ ಹೆಣ್ಣುಮಗಳನ್ನು ಕರೆಯುವುದನ್ನು ಮರೆಯುತ್ತೇವೆ.

ಮೂರು ವಾರಗಳ ತರುವಾಯ ನಾವು ಆ ಹಳ್ಳಿಗೆ ಮತ್ತೊಮ್ಮೆ ಹೋಗಿದ್ದೆವು. ಮುಪ್ಪಿನ ತಾಯಿಯ ಬ್ಯಾರಲ್ಲಿಗೆ ನೀಲಿ ಅಂಚಿನ ಹಳೆಯ ಧೋತರ ಬಿಗಿಯಾಗಿ ಕಟ್ಟಿತ್ತು. ನಿವೃತ್ತ ಹಿರಿಯರ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಇನ್ನೂ ಬಿದ್ದಿರಲಿಲ್ಲ. ಕಾರ್ಯಕರ್ತೆ ಅಂದೂ ಗೇಟಿನ ಮುಂದೆ ನಿಂತು ಚಿಲಕವನ್ನು ಎರಡು ಸಲ ಅಲ್ಲಾಡಿಸಿ, “ಅಜ್ಜಾರ, ಅದೀರೇನ್ರಿ?” ಎಂದು ಕೂಗಿದರು.